ನ್ಯುಮೋನಿಯಾ: ಮದ್ದಿನ ಜೊತೆಗೆ ಪತ್ತೆಯೂ ಆಗಲಿ

ಅಮೆರಿಕದ ಫಿಲಡೆಲ್ಫಿಯಾ ನಗರದ ಹೋಟೆಲೊಂದರಲ್ಲಿ 1976ರ ಜುಲೈನಲ್ಲಿ ಮಾಜಿ ಸೈನಿಕರ ಸಂಘಟನೆಯಾದ 'ಅಮೆರಿಕನ್ ಲೀಜನ್'ನ ಸಮಾವೇಶ ನಡೆಯಿತು. ಊರಿಗೆ ಮರಳಿದ ಕೆಲವೇ ದಿನಗಳಲ್ಲಿ ಹಲವರು ಜ್ವರ, ಕೆಮ್ಮು, ಉಸಿರಾಟದ ತೊಂದರೆಯಿಂದ ಹಾಸಿಗೆ ಹಿಡಿದರು. ಹೋಟೆಲಿನ ಬಳಿ ಓಡಾಡಿದ್ದ ಇತರರೂ ಸೇರಿ ಇನ್ನೂರಕ್ಕೂ ಹೆಚ್ಚು ಮಂದಿಗೆ ಕಾಯಿಲೆ ತಗುಲಿತು. 30ಕ್ಕೂ ಹೆಚ್ಚು ಜನ ಸತ್ತರು. ವಿಷವೇ, ಹೊಸ ಫ್ಲೂ ವೈರಸ್ಸೇ ಎಂಬ ಶಂಕೆಗಳ ನಡುವೆ ಸುಮಾರು ಆರು ತಿಂಗಳು ಕಳೆದವು. ಕೊನೆಗೆ ಅಲ್ಲಿನ ರೋಗ ನಿಯಂತ್ರಣ ಕೇಂದ್ರದ ವಿಜ್ಞಾನಿ ಜೋಸೆಫ್ ಮೆಕ್‌ಡೇಡ್ ಅದುವರೆಗೆ ಯಾರೂ ಗುರುತಿಸಿರದ ಬ್ಯಾಕ್ಟೀರಿಯವೊಂದನ್ನು ಪತ್ತೆಹಚ್ಚಿದರು. ಅದಕ್ಕೆ ಲೀಜಿಯೊನೆಲ್ಲಾ ಎಂದು ಹೆಸರಾಯಿತು.

ಆದರೆ ರೋಗ ಹೊಸದಾಗಿರಲಿಲ್ಲ. 1965ರಲ್ಲಿ ವಾಷಿಂಗ್ಟನ್ನಿನ ಆಸ್ಪತ್ರೆಯೊಂದರಲ್ಲಿಯೂ 1968ರಲ್ಲಿ ಮಿಷಿಗನ್ ರಾಜ್ಯದ ಪಾಂಟಿಯಾಕ್‌ನಲ್ಲಿಯೂ ಕಾರಣ ತಿಳಿಯದೆ ಹಬ್ಬಿದ್ದ ಕಾಯಿಲೆಗಳಿಗೆ ಇದೇ ಬ್ಯಾಕ್ಟೀರಿಯ ಕಾರಣವೆಂಬುದು, ಕಾಪಿಟ್ಟಿದ್ದ ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ ಗೊತ್ತಾಯಿತು. ಹುಡುಕುವ ವಿಧಾನ ತಿಳಿಯದಿದ್ದುದರಿಂದ ರೋಗವೇ ಇಲ್ಲವೆನ್ನುವಂತಾಗಿತ್ತು. ನಮ್ಮ ಆಸ್ಪತ್ರೆಗಳ ಮಟ್ಟಿಗೆ ಈ ಮಾತು ಇಂದಿಗೂ ಬಹುಪಾಲು ಸತ್ಯ.

'ಅಟಿಪಿಕಲ್', ಅಂದರೆ ರೂಢಿಗೆ ಹೊರತಾದ ನ್ಯುಮೋನಿಯಾ ಎಂಬ ಮಾತನ್ನು 1938ರಲ್ಲಿ ವೈದ್ಯ ಹೋಬಾರ್ಟ್ ರೈಮನ್ ಬಳಕೆಗೆ ತಂದರು. 2003ರಲ್ಲಿ ಸಾರ್ಸ್ ಹಬ್ಬಿದಾಗ ಪತ್ರಿಕೆಗಳಲ್ಲಿ ಇದೇ ಹೆಸರು ಮೆರೆದಿತ್ತು. ಅದು ವೈರಸ್ಸಿನ ಕಾಯಿಲೆ. ಬ್ಯಾಕ್ಟೀರಿಯಗಳ ಪೈಕಿ ಈ ಗುಂಪಿಗೆ ಸೇರುವ ಮುಖ್ಯವಾದವು ಮೂರು: ಮೈಕೊಪ್ಲಾಸ್ಮಾ, ಕ್ಲಮೀಡಿಯಾ ಮತ್ತು ಲೀಜಿಯೊನೆಲ್ಲಾ. ಅಪರೂಪಕ್ಕೆ ಹಕ್ಕಿಗಳಿಂದ ಸಿಟಕೋಸಿಸ್, ದನ, ಕುರಿ, ಮೇಕೆಗಳಿಂದ ಕ್ಯೂ ಜ್ವರವೂ ಬರುವುದುಂಟು.

ಇವು ಸಾಮಾನ್ಯ ಮದ್ದಿಗೆ ಬಗ್ಗುವುದಿಲ್ಲ. ಪೆನಿಸಿಲಿನ್ ಹಾಗೂ ಸೆಫಲೋಸ್ಪೊರಿನ್ ವರ್ಗದ ಔಷಧಗಳು ಬ್ಯಾಕ್ಟೀರಿಯದ ಕೋಶಭಿತ್ತಿಯನ್ನು ಕಟ್ಟಲು ಬಿಡದೆ ಅದನ್ನು ಕೊಲ್ಲುತ್ತವೆ. ಮೈಕೊಪ್ಲಾಸ್ಮಾಕ್ಕೆ ಕೋಶಭಿತ್ತಿಯೇ ಇಲ್ಲ. ಲೀಜಿಯೊನೆಲ್ಲಾ ಮತ್ತು ಕ್ಲಮೀಡಿಯಾ ನಮ್ಮ ಜೀವಕೋಶಗಳ ಒಳಗೇ ಅಡಗಿ ಬೆಳೆಯುತ್ತವೆ; ಅಲ್ಲಿಗೆ ಈ ಔಷಧಗಳು ಸರಿಯಾಗಿ ತಲುಪವು. ಬೇಕಾದುದು ಅಜಿತ್ರೊಮೈಸಿನ್, ಡಾಕ್ಸಿಸೈಕ್ಲಿನ್ ಅಥವಾ ಲೀವೊಫ್ಲಾಕ್ಸಸಿನ್‌ನಂಥ ಬೇರೆ ಮದ್ದು.

ಹಾಗಿದ್ದರೆ ಎಲ್ಲರಿಗೂ ಇವನ್ನೇ ಕೊಟ್ಟರಾಯಿತಲ್ಲ ಎನ್ನಬಹುದು. ನಡೆಯುತ್ತಿರುವುದೂ ಅದೇ. ವೈದ್ಯರ ಚೀಟಿಯಿಲ್ಲದೆ ನೆಗಡಿಗೂ ಅಜಿತ್ರೊಮೈಸಿನ್ ನುಂಗುವ ರೂಢಿ ನಮ್ಮಲ್ಲಿ ಬೇರೂರಿದೆ. ಇದರ ಬೆಲೆ ದೊಡ್ಡದು. ಚೀನಾದಲ್ಲಿ ಅಜಿತ್ರೊಮೈಸಿನ್ ವರ್ಗದ ಔಷಧಗಳಿಗೆ ಮಣಿಯದ ಮೈಕೊಪ್ಲಾಸ್ಮಾ ವ್ಯಾಪಕವಾಗಿದೆ. 2023ರ ಕೊನೆಯಲ್ಲಿ ಅಲ್ಲಿನ ಆಸ್ಪತ್ರೆಗಳು ನ್ಯುಮೋನಿಯಾ ಪೀಡಿತ ಮಕ್ಕಳಿಂದ ತುಂಬಿದಾಗ ಅದು ದೊಡ್ಡ ತೊಡಕಾಯಿತು. ಲೀವೊಫ್ಲಾಕ್ಸಸಿನ್‌ನ ಅಪಾಯ ನಮಗೆ ಇನ್ನೂ ಹತ್ತಿರದ್ದು. ಅದು ಕ್ಷಯದ ಬ್ಯಾಕ್ಟೀರಿಯವನ್ನೂ ತುಸು ಅಡಗಿಸುತ್ತದೆ. ಕೆಮ್ಮು ತಗ್ಗಿ ರೋಗಿ ಮನೆಗೆ ಹೋಗುತ್ತಾನೆ; ಕ್ಷಯ ಪತ್ತೆಯಾಗುವುದು ವಾರಗಳ ಬಳಿಕ. ಜಗತ್ತಿನಲ್ಲೇ ಅತಿ ಹೆಚ್ಚು ಕ್ಷಯ ರೋಗಿಗಳಿರುವ ದೇಶಕ್ಕೆ ಇದು ಸಣ್ಣ ಸಂಗತಿಯಲ್ಲ.

ಪತ್ತೆ ಸುಲಭವಲ್ಲವೆಂಬುದು ನಿಜ. ಒಣಕೆಮ್ಮು, ತಲೆನೋವು, ನಿಧಾನವಾಗಿ ಏರುವ ಜ್ವರ ಇವುಗಳಿಂದಲೇ ಅಟಿಪಿಕಲ್ ಎಂದು ಗುರುತಿಸಬಹುದೆಂಬ ಹಳೆಯ ನಂಬಿಕೆ ಉಳಿದಿಲ್ಲ. ಎಕ್ಸ್-ರೇ ಕೂಡ ಕಾರಣವನ್ನು ಹೇಳದು. ಕಫವನ್ನು ಸಾಮಾನ್ಯ ಮಾಧ್ಯಮದಲ್ಲಿ ಬೆಳೆಸಿದರೆ ಇವು ಬೆಳೆಯುವುದಿಲ್ಲ. ಲೀಜಿಯೊನೆಲ್ಲಾಕ್ಕೆ ಇದ್ದಿಲು ಬೆರೆಸಿದ ವಿಶೇಷ ಮಾಧ್ಯಮವೂ ಹಲವು ದಿನಗಳೂ ಬೇಕು. ಮೈಕೊಪ್ಲಾಸ್ಮಾಕ್ಕೆ ವಾರಗಳೇ ಬೇಕು. ರಕ್ತದಲ್ಲಿನ ಪ್ರತಿಕಾಯಗಳ ಏರಿಕೆಯನ್ನು ಖಚಿತಪಡಿಸಲು ಎರಡು ಮೂರು ವಾರಗಳ ಅಂತರದಲ್ಲಿ ಎರಡು ಬಾರಿ ಪರೀಕ್ಷಿಸಬೇಕು. ಅಷ್ಟರಲ್ಲಿ ರೋಗಿ ಗುಣವಾಗಿರುತ್ತಾನೆ, ಇಲ್ಲವೇ ತೀರಿಹೋಗಿರುತ್ತಾನೆ.

ಈ ತೊಡಕಿಗೆ ಇಂದು ಉತ್ತರವಿದೆ. ಲೀಜಿಯೊನೆಲ್ಲಾದ ಅಂಶವನ್ನು ಮೂತ್ರದಲ್ಲಿ ಒಂದು ಗಂಟೆಯೊಳಗೆ ಗುರುತಿಸುವ ಪರೀಕ್ಷೆಯಿದೆ. ಅದು ಮುಖ್ಯವಾಗಿ ಒಂದೇ ಉಪಪ್ರಭೇದವನ್ನು ಹಿಡಿಯುತ್ತದೆ. ಆದರೆ ಹೆಚ್ಚು ಕಾಡುವುದು ಅದೇ. ಉಳಿದವುಗಳಿಗೆ ಪಿಸಿಆರ್ ಪರೀಕ್ಷೆಯಿದ್ದು, ಗಂಟಲಿನ ದ್ರವ ಅಥವಾ ಕಫದಿಂದ ಕೆಲವೇ ಗಂಟೆಗಳಲ್ಲಿ ಫಲಿತಾಂಶ ದೊರೆಯುತ್ತದೆ. 2020ಕ್ಕೆ ಮುನ್ನ ಪಿಸಿಆರ್ ದೊಡ್ಡ ನಗರಗಳ ಸೊತ್ತಾಗಿತ್ತು. ಕೋವಿಡ್ ಅದನ್ನು ಜಿಲ್ಲಾ ಆಸ್ಪತ್ರೆಗಳವರೆಗೆ ಒಯ್ದಿತು. ಆ ಯಂತ್ರಗಳನ್ನು ಧೂಳು ತಿನ್ನಲು ಬಿಡಬೇಕೆ? ಬೇಕಾಗಿರುವುದು ಹೊಸ ಕಟ್ಟಡವಲ್ಲ; ಬೇರೆ ಕಿಟ್‌ಗಳು, ತರಬೇತಾದ ತಂತ್ರಜ್ಞರು ಮತ್ತು ಒಂದಿಷ್ಟು ಅನುದಾನ.

ಕೆಮ್ಮಿದವರಿಗೆಲ್ಲ ಪರೀಕ್ಷೆ ಮಾಡಬೇಕೆಂದು ಯಾರೂ ಹೇಳುತ್ತಿಲ್ಲ. ಫಲಿತಾಂಶಕ್ಕೆ ಕಾದು ಚಿಕಿತ್ಸೆ ತಡಮಾಡುವುದೂ ತಪ್ಪು. ಮದ್ದು ತಕ್ಷಣ ಆರಂಭವಾಗಲಿ. ಆದರೆ ತೀವ್ರ ನಿಗಾ ಘಟಕ ಸೇರುವ ಪ್ರತಿಯೊಬ್ಬ ನ್ಯುಮೋನಿಯಾ ರೋಗಿಗೂ, ಒಂದೇ ಕಚೇರಿ, ಹಾಸ್ಟೆಲ್ ಅಥವಾ ಹೋಟೆಲಿನಿಂದ ಹಲವರು ಬಂದಾಗಲೂ ಪರೀಕ್ಷೆ ಕಡ್ಡಾಯವಾಗಲಿ.

ಏಕೆಂದರೆ ಪತ್ತೆಯ ಫಲ ಒಬ್ಬ ರೋಗಿಗೆ ಸೀಮಿತವಲ್ಲ. ಲೀಜಿಯೊನೆಲ್ಲಾ ಸಾಮಾನ್ಯವಾಗಿ ಮನುಷ್ಯನಿಂದ ಮನುಷ್ಯನಿಗೆ ಹರಡದು. ಉಗುರುಬೆಚ್ಚಗಿನ ನೀರಿನಲ್ಲಿ ಬೆಳೆದು, ಹವಾನಿಯಂತ್ರಣದ ಕೂಲಿಂಗ್ ಟವರ್, ಷವರ್, ಕಾರಂಜಿಗಳ ತುಂತುರಿನೊಂದಿಗೆ ಶ್ವಾಸಕೋಶ ಸೇರುತ್ತದೆ. ಒಬ್ಬನಲ್ಲಿ ಅದು ಸಿಕ್ಕಿತೆಂದರೆ ಎಲ್ಲೋ ಒಂದು ನೀರಿನ ಮೂಲ ಕೆಟ್ಟಿದೆಯೆಂದೇ ಅರ್ಥ. ಅದನ್ನು ಹುಡುಕಿ ಶುಚಿಗೊಳಿಸಿದರೆ ಇನ್ನೆಷ್ಟೋ ಜನ ಉಳಿಯುತ್ತಾರೆ. ಗಾಜಿನ ಕಟ್ಟಡಗಳು ಸಾಲುಸಾಲಾಗಿ ಏಳುತ್ತಿರುವ ಬೆಂಗಳೂರಿನಂಥ ನಗರದಲ್ಲಿ ಈ ಹೊಣೆಯನ್ನು ಆಸ್ಪತ್ರೆಗಳ ಜೊತೆ ಕಟ್ಟಡದ ಮಾಲೀಕರೂ ಪಾಲಿಕೆಯೂ ಹೊರಬೇಕು. ಆರೋಗ್ಯ ಇಲಾಖೆ ಮೊದಲ ಹೆಜ್ಜೆಯಾಗಿ ಜಿಲ್ಲಾ ಆಸ್ಪತ್ರೆಗಳಿಗೆ ಈ ಕಿಟ್‌ಗಳನ್ನು ಒದಗಿಸಲಿ. ರೋಗಿಯ ಕಡೆಯವರೂ 'ನ್ಯುಮೋನಿಯಾ' ಎಂಬ ಉತ್ತರಕ್ಕೆ ಸುಮ್ಮನಾಗದೆ, ಅದು ಯಾವುದರಿಂದ ಬಂತು ಎಂದು ವೈದ್ಯರನ್ನು ಕೇಳುವುದನ್ನು ಕಲಿಯಬೇಕು.