ಸವೆದದ್ದು ಬುಷ್, ಕಾರಲ್ಲ

ಪುಣೆಯಿಂದ ಧಾರವಾಡಕ್ಕೆ ಹೋಗುವಾಗ ಖಂಬಾಟಕಿ ಘಾಟಿನ ತಿರುವುಗಳಲ್ಲಿ ನಮ್ಮ ಹದಿನಾಲ್ಕು ವರ್ಷದ ಕಾರು ಹಿಂಭಾಗವನ್ನು ಸಣ್ಣಗೆ ಜಗ್ಗತೊಡಗಿತ್ತು. ತಗ್ಗಿಗಿಳಿದರೆ ಸೀಟಿನ ಕೆಳಗಿಂದ ‘ಧಡ್’ ಎಂಬ ಮಂದ ಸದ್ದು ಕೇಳಿಸುತ್ತಿತ್ತು. ಹಿಂದಿನ ಸೀಟಿನಲ್ಲಿ ಕೂರುವ ನಮ್ಮ ತಾಯಿಯವರು ಮೊದಲು ಸೊಂಟ ನೋವೆಂದರು. ಆಮೇಲೆ, ‘ಇನ್ನು ನಾನು ರೈಲಿನಲ್ಲೇ ಬರ್ತೀನಪ್ಪ’ ಎಂದುಬಿಟ್ಟರು.

ಮುಂದಿನ ಒಂದು ವರ್ಷ ನಾವು ಮಾಡಿದ್ದು, ಇಂಥ ಕಾರಿರುವ ಬಹುಪಾಲು ಮನೆಯವರು ಮಾಡುವುದನ್ನೇ. ಸರ್ವಿಸ್ ಸೆಂಟರಿನವರು ಹೇಳಿದರೆಂದು ಶಾಕ್ ಅಬ್ಸಾರ್ಬರ್ ಬದಲಿಸಿದೆವು. ಹಿಂದಿನ ಟೈರುಗಳು ಒಳಅಂಚಿನಲ್ಲಿ ಸವೆದಿದ್ದವೆಂದು ಟೈರು ಹಾಕಿಸಿದೆವು. ಮೂರು ಸಲ ಅಲೈನ್‌ಮೆಂಟ್ ಮಾಡಿಸಿದೆವು. ಸದ್ದು ಹೋಗಲಿಲ್ಲ. ಕೊನೆಗೆ, ‘ಗಾಡಿಗೆ ವಯಸ್ಸಾಯಿತು, ಎಕ್ಸ್‌ಚೇಂಜ್‌ಗೆ ಕೊಟ್ಟುಬಿಡಿ’ ಎಂಬ ಸಲಹೆ ಬಂತು.

ಕಾರಣ ಸಿಕ್ಕಿದ್ದು ಬಡಾವಣೆಯ ಹಿಂಬದಿಯ ಒಂದು ಗ್ಯಾರೇಜಿನಲ್ಲಿ. ಅಲ್ಲಿಯ ಹಿರಿಯ ಮೆಕ್ಯಾನಿಕ್ ಕಾರನ್ನು ಲಿಫ್ಟಿಗೇರಿಸಿ, ಹಿಂದಿನ ಸಬ್‌ಫ್ರೇಮ್ ಮತ್ತು ಬಾಡಿಯ ನಡುವೆ ಉದ್ದನೆಯ ಕಬ್ಬಿಣದ ಸಲಾಕೆಯಿಟ್ಟು ಮೆಲ್ಲಗೆ ಮೀಟಿದರು. ಸಬ್‌ಫ್ರೇಮ್ ಸರಿದದ್ದು ನಮ್ಮ ಕಣ್ಣಿಗೇ ಕಂಡಿತು. ಬುಷ್‌ನ ರಬ್ಬರು ಬಿರುಕುಬಿಟ್ಟು, ಲೋಹದ ತೋಳಿನಿಂದ ಕಳಚಿಕೊಂಡಿತ್ತು.

ಚಕ್ರಗಳನ್ನು ಹಿಡಿದಿರುವ ತೋಳುಗಳೆಲ್ಲ ಸೇರಿಕೊಳ್ಳುವ ಉಕ್ಕಿನ ಚೌಕಟ್ಟೇ ಸಬ್‌ಫ್ರೇಮ್. ಅದು ಸಾಮಾನ್ಯವಾಗಿ ನಾಲ್ಕು ಮೂಲೆಗಳಲ್ಲಿ ಬುಷ್‌ಗಳ ಮೂಲಕ ಬಾಡಿಗೆ ಜೋಡಣೆಯಾಗಿರುತ್ತದೆ. ಬುಷ್ ಎಂದರೆ ಹೊರಗೊಂದು, ಒಳಗೊಂದು ಲೋಹದ ಕೊಳವೆ, ನಡುವೆ ಅಂಟಿಕೊಂಡಿರುವ ರಬ್ಬರು. ರಸ್ತೆಯ ಹೊಡೆತವನ್ನು ಅದು ತಾನು ತಿಂದು, ಉಕ್ಕಿಗೆ ಉಕ್ಕು ತಾಗದಂತೆ ನೋಡಿಕೊಳ್ಳುತ್ತದೆ. ಕಾಲ, ಬಿಸಿಲು, ಎಣ್ಣೆ ಮೂರೂ ಅದಕ್ಕೆ ಶತ್ರುಗಳು. ಅದು ಸಡಿಲಾದರೆ ಬ್ರೇಕ್ ಹಾಕಿದಾಗ, ಆಕ್ಸಿಲರೇಟರ್ ಬಿಟ್ಟಾಗ ಹಿಂಚಕ್ರಗಳ ಕೋನವೇ ಬದಲಾಗುತ್ತದೆ. ಹೀಗಿರುವಾಗ ಅಲೈನ್‌ಮೆಂಟ್ ನಿಲ್ಲುವುದಾದರೂ ಹೇಗೆ? ಬುನಾದಿ ಅಲುಗುವ ಮನೆಯಲ್ಲಿ ನಾವು ಬಾಗಿಲಿನ ಚಿಲಕ ಸರಿಪಡಿಸುತ್ತ ಕೂತಿದ್ದೆವು.

ದುರಸ್ತಿಗೆ ಎರಡು ದಿನ ಹಿಡಿಯಿತು. ಸಬ್‌ಫ್ರೇಮಿಗೆ ಜ್ಯಾಕ್ ಆಸರೆ ಕೊಟ್ಟು, ಬ್ರೇಕ್ ಹೋಸು, ಹ್ಯಾಂಡ್‌ಬ್ರೇಕ್ ಕೇಬಲ್ಲುಗಳು ಜಗ್ಗದಂತೆ ಬಿಡಿಸಿಕೊಂಡು ಕೆಳಗಿಳಿಸಿದರು. ಹಳೆಯ ಬುಷ್‌ಗಳನ್ನು ಸುತ್ತಿಗೆಯಿಂದ ಬಡಿಯಲಿಲ್ಲ, ಬೆಂಕಿಯಿಟ್ಟು ಸುಡಲೂ ಇಲ್ಲ; ಪ್ರೆಸ್‌ನಲ್ಲಿಟ್ಟು ಹೊರತಳ್ಳಿದರು. ತೆಗೆಯುವ ಮೊದಲೇ ಅವು ಕೂತಿದ್ದ ದಿಕ್ಕನ್ನು ಗುರುತು ಮಾಡಿಕೊಂಡಿದ್ದರು. ರಬ್ಬರಿನೊಳಗಿನ ಖಾಲಿ ಜಾಗಗಳಿಗೆ ದಿಕ್ಕಿದೆ. ತಿರುಗುಮುರುಗಾದರೆ ಹೊಸ ಬುಷ್ ಕೂಡ ಕೆಲಸಕ್ಕೆ ಬಾರದು. ಹೊಸದನ್ನು ಜಾರಿಸಲು ಗ್ರೀಸಿನ ಬದಲು ಸೋಪಿನ ನೀರು ಬಳಸಿದರು. ತೋಳುಗಳ ಬುಷ್‌ಗಳ ಬೋಲ್ಟುಗಳನ್ನು ಚಕ್ರಗಳ ಮೇಲೆ ಕಾರಿನ ಭಾರ ಬಿದ್ದ ಬಳಿಕವೇ ಪೂರ್ತಿ ಬಿಗಿದರು. ಚಕ್ರ ಜೋತುಬಿದ್ದಿರುವಾಗ ಬಿಗಿದರೆ, ಕಾರು ನೆಲಕ್ಕಿಳಿದಾಗ ರಬ್ಬರು ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಕೊನೆಗೆ ನಾಲ್ಕೂ ಚಕ್ರಗಳ ಅಲೈನ್‌ಮೆಂಟ್. ಬುಷ್‌ಗಳಿಗೆ ತೆತ್ತ ಹಣ, ವ್ಯರ್ಥವಾಗಿ ಕೊಂಡ ಟೈರುಗಳ ಹಣಕ್ಕಿಂತ ಕಡಿಮೆಯಿತ್ತು.

ಈ ಅನುಭವದಿಂದ ನಾವು ಮೂರು ಮಾತುಗಳನ್ನು ಹೇಳಬಯಸುತ್ತೇವೆ.

ಮೊದಲನೆಯದು, ಕಾರಿನ ಯೋಗ್ಯತೆಯನ್ನು ಪಂಚಾಂಗ ನೋಡಿ ಅಳೆಯುವ ರೂಢಿಯ ಕುರಿತು. ದೆಹಲಿಯಲ್ಲಿ 10 ವರ್ಷ ಮೀರಿದ ಡೀಸೆಲ್ ಮತ್ತು 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲಿನ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದರ ಹಿಂದಿದ್ದದ್ದು ಹೊಗೆಯ ಪ್ರಶ್ನೆ. ಅದನ್ನು ಹಗುರಾಗಿ ಕಾಣುವುದು ನಮ್ಮ ಉದ್ದೇಶವಲ್ಲ. ಹೊಗೆಯುಗುಳುವ ಕಾರು ರಸ್ತೆಯಲ್ಲಿರಬಾರದು. ಆದರೆ ರಸ್ತೆಯ ಮೇಲಿನ ಸುರಕ್ಷತೆಗೆ ಬೇಕಾದದ್ದು ತಪಾಸಣೆ. ಉಳಿದೆಡೆ ಖಾಸಗಿ ಕಾರಿನ ನೋಂದಣಿಯನ್ನು 15 ವರ್ಷದ ಬಳಿಕ ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಅದರ ಶುಲ್ಕ 600 ರೂಪಾಯಿಯಿಂದ 5,000ಕ್ಕೇರಿತು. ಅಷ್ಟು ಹಣ ಪಡೆಯುವವರು ಕಾರನ್ನು ಎತ್ತಿ, ಅಡಿಭಾಗ ಮೀಟಿ ನೋಡಬೇಕೆಂದು ಕೇಳುವುದು ಅತಿಯಾಗದು. ಹತ್ತು ವರ್ಷದ ಕಾರಿನ ಸಡಿಲ ಬುಷ್ ಹದಿನಾರು ವರ್ಷದ ಕಾರಿನ ಗಟ್ಟಿ ಬುಷ್‌ಗಿಂತ ಅಪಾಯಕಾರಿ.

ಎರಡನೆಯದು ತಯಾರಕರಿಗೆ. ಅಂಗೈಯಷ್ಟು ರಬ್ಬರು ಹರಿದರೆ, ಬುಷ್ ಬಿಡಿಯಾಗಿ ಸಿಗುವುದಿಲ್ಲ, ಇಡೀ ತೋಳನ್ನೇ ಕೊಳ್ಳಿ ಎನ್ನುವುದು ಹಲವು ಮಾದರಿಗಳಲ್ಲಿ ಮಾಮೂಲಾಗಿದೆ. ಗುಂಡಿ ಕಿತ್ತುಹೋಯಿತೆಂದು ಅಂಗಿಯನ್ನೇ ಮಾರುವ ವ್ಯಾಪಾರವಿದು. ಸವೆಯಲೆಂದೇ ಮಾಡಿದ ವಸ್ತು ಬಿಡಿಯಾಗಿ ಸಿಗಲೇಬೇಕು.

ಮೂರನೆಯದು ನಮ್ಮಂಥ ಮಾಲೀಕರಿಗೇ. ರೋಗ ಯಾವುದೆಂದು ಕೇಳದೆ ಔಷಧಿಗೆ ಹಣ ಕೊಟ್ಟವರು ನಾವು. ಹಣ ತೆರುವ ಮುನ್ನ ಲಿಫ್ಟಿನ ಕೆಳಗೆ ನಿಂತು, ‘ಯಾವುದು ಅಲುಗುತ್ತಿದೆ, ತೋರಿಸಿ’ ಎಂದು ಕೇಳುವ ಸಂಕೋಚವನ್ನು ಬಿಡಬೇಕು. ಮುಂಬೈ, ಚೆನ್ನೈಗಳ ಉಪ್ಪುಗಾಳಿಯಲ್ಲಿರುವ ಗೆಳೆಯರು ತುಕ್ಕನ್ನೂ ಪರೀಕ್ಷಿಸಲಿ. ಸಬ್‌ಫ್ರೇಮ್ ಅಥವಾ ಅದು ಬಾಡಿಗೆ ಕೂಡುವ ಜಾಗ ತುಕ್ಕು ತಿಂದು ತೆಳುವಾಗಿದ್ದರೆ, ಹೊಸ ಬುಷ್ ಅದನ್ನು ಉಳಿಸದು. ಆಗ ಕಾರಿಗೆ ವಿದಾಯ ಹೇಳುವುದೇ ವಿವೇಕ. ಪ್ರತಿಯೊಂದು ಹಳೆಯದನ್ನೂ ಉಳಿಸಿಕೊಳ್ಳಬೇಕೆಂಬ ಹಠ ನಮಗಿಲ್ಲ. ನೋಡಿ ತೀರ್ಮಾನಿಸಬೇಕು ಎಂಬುದಷ್ಟೇ ನಮ್ಮ ವಾದ.

ದುರಸ್ತಿಯಾದ ಬಳಿಕ ತಾಯಿಯವರನ್ನು ಒಪ್ಪಿಸಲು ಸ್ವಲ್ಪ ಪ್ರಯಾಸಪಟ್ಟೆವು. ಘಾಟಿನಲ್ಲಿ ಅವರು ಸೀಟಿನ ಮೇಲಿನ ಹಿಡಿಯನ್ನು ಬಿಡಲೇ ಇಲ್ಲ. ಸಾತಾರ ದಾಟಿದ ಮೇಲೆ ಕನ್ನಡಿಯಲ್ಲಿ ನೋಡಿದೆವು: ಕೈ ಮಡಿಲಿಗಿಳಿದಿತ್ತು, ನಿದ್ದೆ ಹತ್ತಿತ್ತು.