ಹನ್ನೊಂದು ತಿಂಗಳ ಮನೆಗೆ ಹನ್ನೆರಡು ತಿಂಗಳ ನೆಟ್

ಬಾಡಿಗೆ ಮನೆಯ ಕರಾರು ಸಾಮಾನ್ಯವಾಗಿ 11 ತಿಂಗಳಿಗೆ. ವರ್ಷ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ; ಆ ಓಡಾಟ, ಖರ್ಚು ಬೇಡವೆಂದು ಮಾಲೀಕರು 11ಕ್ಕೇ ನಿಲ್ಲಿಸುತ್ತಾರೆ. ಅದೇ ಮನೆಗೆ ನೆಟ್ ಹಾಕಿಸಲು ಹೊರಟರೆ ಅಗ್ಗದ ಲೆಕ್ಕ ಶುರುವಾಗುವುದೇ 12 ತಿಂಗಳಿಂದ. 2023ರ ಸೆಪ್ಟೆಂಬರಿನಲ್ಲಿ ಜಿಯೋ ಏರ್‌ಫೈಬರ್ ಮಾರುಕಟ್ಟೆಗೆ ಬಂದಾಗ ಅಳವಡಿಕೆ ಶುಲ್ಕ 1,000 ರೂಪಾಯಿ ಇತ್ತು, ವರ್ಷದ ಹಣ ಒಟ್ಟಿಗೆ ಕಟ್ಟಿದವರಿಗೆ ಅದು ಮಾಫಿ. ಅಂದರೆ ವರ್ಷವಿಡೀ ಇಲ್ಲೇ ಇರುತ್ತೇನೆಂಬ ಭರವಸೆ ಇದ್ದವರಿಗೆ ರಿಯಾಯಿತಿ, ಎಷ್ಟು ದಿನ ಇರುತ್ತೇನೋ ಎಂಬ ಚಿಂತೆಯಲ್ಲಿರುವವರಿಗೆ ಪೂರ್ತಿ ಬೆಲೆ. ಈ ಅನ್ಯಾಯ ಒಂದು ಕಂಪನಿಗೆ ಸೀಮಿತವಲ್ಲ, ಈ ವ್ಯಾಪಾರವೇ ಸ್ವಂತ ಮನೆಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆದಿದೆ.

ಚಿಲಮತ್ತೂರಿನಂಥ ಕಡೆ ಇದು ಹೆಚ್ಚು ಕಾಡುತ್ತದೆ. ಬಾಗೇಪಲ್ಲಿ ದಾಟಿ ಕೊಡಿಕೊಂಡ ಚೆಕ್‌ಪೋಸ್ಟ್ ಬಳಿ ಬೆಂಗಳೂರು–ಹೈದರಾಬಾದ್ ಹೆದ್ದಾರಿ ಬಿಟ್ಟು ಲೇಪಾಕ್ಷಿ, ಹಿಂದೂಪುರದ ಕಡೆ ತಿರುಗಿದರೆ ಸಿಗುವ ಊರು ಇದು. 2022ರ ಏಪ್ರಿಲ್‌ವರೆಗೆ ಆಂಧ್ರದ ಅನಂತಪುರ ಜಿಲ್ಲೆಯಲ್ಲಿತ್ತು, ಈಗ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ತೆಲುಗು, ಕನ್ನಡ ಎರಡೂ ನಡೆಯುವ ಸೀಮೆ. ಪೆನುಕೊಂಡ ಬಳಿ ಕಿಯಾ ಕಾರ್ಖಾನೆ 2019ರಿಂದ ಕಾರು ತಯಾರಿಸುತ್ತಿದೆ. ಪಾಲಸಮುದ್ರದಲ್ಲಿ ಕಸ್ಟಮ್ಸ್ ಮತ್ತು ಪರೋಕ್ಷ ತೆರಿಗೆ ಅಧಿಕಾರಿಗಳ ರಾಷ್ಟ್ರೀಯ ತರಬೇತಿ ಅಕಾಡೆಮಿ 2024ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಹಿಂದೂಪುರದಲ್ಲಿ ರೇಷ್ಮೆಗೂಡಿನ ಮಾರುಕಟ್ಟೆ ಇದೆ, ಪಕ್ಕದಲ್ಲೇ ತೂಮುಕುಂಟ ಕೈಗಾರಿಕಾ ಪ್ರದೇಶ ಇದೆ. ಇಂಥ ಕಡೆ ಗುತ್ತಿಗೆ ಕೆಲಸದವರು, ವರ್ಗವಾಗಿ ಬರುವ ಬ್ಯಾಂಕಿನವರು, ಮೇಷ್ಟ್ರುಗಳು ಆರೆಂಟು ತಿಂಗಳಿಗೆಂದು ಮನೆ ಹಿಡಿಯುತ್ತಾರೆ. ಅವರಿಗೆಲ್ಲ ಇಂದು ನೆಟ್ ಬೇಕೇ ಬೇಕು.

ಮೊಬೈಲಿನ ಮಟ್ಟಿಗೆ ಗಡಿ ಹೆಚ್ಚುಕಡಿಮೆ ಅಳಿದುಹೋಗಿದೆ. ಕರ್ನಾಟಕದ ಸಿಮ್ ಇಟ್ಟುಕೊಂಡು ಚೆಕ್‌ಪೋಸ್ಟ್ ದಾಟಿದರೆ ಒಳಬರುವ ಕರೆಗೂ ದುಡ್ಡು ಹೋಗುತ್ತಿದ್ದ ಕಾಲವಿತ್ತು. 2015ರ ಜುಲೈಯಲ್ಲಿ ನಂಬರ್ ಉಳಿಸಿಕೊಂಡು ದೇಶದ ಯಾವುದೇ ವಲಯಕ್ಕೆ ಹೋಗುವ ಅವಕಾಶ ಬಂತು, ಮರುವರ್ಷ ಜಿಯೋ ಬಂದ ಮೇಲೆ ಕಂಪನಿಗಳು ಒಂದೊಂದಾಗಿ ರೋಮಿಂಗ್ ಶುಲ್ಕ ಕೈಬಿಟ್ಟವು. ಮನೆಗೆ ಬರುವ ತಂತಿಗೆ ಮಾತ್ರ ಇಂಥ ಬಿಡುಗಡೆ ಇನ್ನೂ ಸಿಕ್ಕಿಲ್ಲ.

ಒಂಟಿಯಾಗಿ ಎರಡು ಮೂರು ತಿಂಗಳು ಇರುವವರಿಗೆ ಫೋನಿನ ಹಾಟ್‌ಸ್ಪಾಟೇ ಸಾಕು, ಬೇರೆ ಯೋಚನೆ ಬೇಡ. ಕಷ್ಟ ಬರುವುದು ಮನೆಯಿಂದಲೇ ಕೆಲಸ ಮಾಡುವವರಿಗೆ. ವಿಡಿಯೋ ಸಭೆ ಗಂಟೆಗೆ ಸುಮಾರು ಒಂದು ಜಿಬಿ ನುಂಗುತ್ತದೆ. ದಿನಕ್ಕೆ 2 ಜಿಬಿಯ ರೀಚಾರ್ಜ್ ಮಧ್ಯಾಹ್ನದೊಳಗೇ ಮುಗಿದು, ವೇಗ 64 ಕೆಬಿಪಿಎಸ್‌ಗೆ ಕುಸಿದರೆ ಅದರಲ್ಲಿ ವಾಟ್ಸಾಪ್ ಚಿತ್ರ ತೆರೆಯುವುದೂ ತ್ರಾಸ. 5ಜಿ ಸಿಗ್ನಲ್ ಇದ್ದು, ಪ್ಲ್ಯಾನಿನಲ್ಲೂ ಮಿತಿ ಇಲ್ಲದಿದ್ದರೆ ಪರವಾಗಿಲ್ಲ. ಆದರೆ ಲೇಪಾಕ್ಷಿ ಸುತ್ತಿನದು ಕರಿಕಲ್ಲಿನ ಗುಡ್ಡಗಳ ನಾಡು. ಟವರ್ ಒಂದು ಬಂಡೆಯ ಆಚೆ ಇದ್ದರೆ ಈಚೆ ಮನೆಯೊಳಗೆ ಸಿಗ್ನಲ್ ಕಡ್ಡಿ ಎರಡಕ್ಕಿಳಿಯುತ್ತದೆ. ಮಾಳಿಗೆಯ ಮೇಲೆ ಆಂಟೆನಾ ಕೂರಿಸುವ ಏರ್‌ಫೈಬರ್‌ಗೂ ಬೇಕಾದುದು ಇದೇ ಟವರು. ಹಾಗಾಗಿ ಮುಂಗಡ ಕೊಡುವ ಮೊದಲು, ಮನೆ ನೋಡಲು ಹೋದಾಗಲೇ ಮಾಳಿಗೆ ಹತ್ತಿ ಸಂಜೆ ಏಳೆಂಟು ಗಂಟೆಗೆ ಫೋನಿನಲ್ಲಿ ವೇಗ ಅಳೆದು ನೋಡುವುದು ಒಳ್ಳೆಯದು. ಊರೆಲ್ಲ ಫೋನು ಹಿಡಿದಿರುವ ಹೊತ್ತು ಅದು. ಬೆಳಗಿನ ಹನ್ನೊಂದು ಗಂಟೆಯ ವೇಗ ನಂಬಿ ಮನೆ ಹಿಡಿದವರು ರಾತ್ರಿ ಪರದಾಡುತ್ತಾರೆ.

ಇನ್ನು ಉಳಿದದ್ದು ಫೈಬರ್. ಇಲ್ಲಿ ಆಂಧ್ರದ ಒಂದು ಪ್ರಯೋಗವನ್ನು ನೆನೆಯಬೇಕು. 2017ರ ಡಿಸೆಂಬರ್ 27ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಉದ್ಘಾಟಿಸಿದ ಎಪಿ ಫೈಬರ್‌ನೆಟ್, ತಿಂಗಳಿಗೆ 149 ರೂಪಾಯಿಗೆ 15 ಎಂಬಿಪಿಎಸ್ ನೆಟ್, ಟಿವಿ, ಫೋನು ಮೂರನ್ನೂ ಕೊಡುತ್ತೇನೆಂದು ಹೊರಟಿತು. ಜಾಲ ಬೇಗ ಹರಡಲೆಂದು ನೆಲ ಅಗೆಯದೆ ವಿದ್ಯುತ್ ಕಂಬಗಳ ಮೇಲೇ ಸುಮಾರು 24,000 ಕಿ.ಮೀ. ಫೈಬರ್ ಎಳೆದರು, ಮನೆಯೊಳಗೆ ತರುವ ಕೆಲಸವನ್ನು ಊರಿನ ಕೇಬಲ್ ಆಪರೇಟರ್‌ಗಳಿಗೆ ಬಿಟ್ಟರು. ಕೇರಳದ ಕೆ–ಫಾನ್ ಕೂಡ 2023ರಲ್ಲಿ ವಿದ್ಯುತ್ ಮಂಡಳಿಯ ಕಂಬಗಳನ್ನು ನಂಬಿಯೇ ಬಂದದ್ದು; ಕಾಸರಗೋಡಿನ ಕನ್ನಡಿಗರಿಗೆ ಅದು ಗೊತ್ತಿರುತ್ತದೆ.

ಕರೆಂಟಿನ ಕಂಬವನ್ನೇ ಹಿಡಿದು ಬಂದ ಈ ತಂತಿಗೆ ಕರೆಂಟಿನ ರೂಢಿ ಮಾತ್ರ ಬರಲಿಲ್ಲ. ಬಾಡಿಗೆಗೆ ಬಂದವರು ವಿದ್ಯುತ್ ಮೀಟರನ್ನು ತಮ್ಮ ಜೊತೆ ತರುವುದಿಲ್ಲ, ಬಿಟ್ಟು ಹೋಗುವಾಗ ಕಿತ್ತುಕೊಂಡು ಹೋಗುವುದೂ ಇಲ್ಲ. ಮೀಟರ್ ಮನೆಯದು, ಇದ್ದಷ್ಟು ದಿನ ಆ ಸರ್ವೀಸ್ ನಂಬರಿಗೆ ಬಿಲ್ ಕಟ್ಟುತ್ತಾರೆ, ಅಷ್ಟೆ. ನೆಟ್ ವಿಷಯದಲ್ಲಿ ಪ್ರತಿ ಬಾಡಿಗೆದಾರನೂ ಹೊಸದಾಗಿ ಅರ್ಜಿ ಹಾಕಿ, ಅಳವಡಿಕೆಗೆ ದುಡ್ಡು ಕೊಟ್ಟು, ಗೋಡೆಗೆ ತೂತು ಕೊರೆಯಲು ಮಾಲೀಕರ ಒಪ್ಪಿಗೆ ಬೇಡಿ, ಹೋಗುವಾಗ ಡಬ್ಬಿ ವಾಪಸ್ ಕೊಟ್ಟು ಠೇವಣಿಗೆ ಅಲೆಯಬೇಕು. ಮುಂದಿನ ಬಾಡಿಗೆದಾರ ಬಂದಾಗ ಮತ್ತೆ ಅದೇ ಗೋಡೆಗೆ ಇನ್ನೊಂದು ತೂತು.

ನೆಟ್ ತಂತಿಯೂ ಮೀಟರಿನಂತೆ ಮನೆಗೆ ಸೇರಬೇಕು. ಮನೆ ಬಾಡಿಗೆಗೆ ಕೊಡುವವರೇ ಒಮ್ಮೆ ಫೈಬರ್ ಎಳೆಸಿ, ಡಬ್ಬಿ ಕೂರಿಸಿ ಇಡಲಿ. ಬಂದವರು ತಿಂಗಳ ಲೆಕ್ಕದಲ್ಲಿ ಕಟ್ಟಲಿ.

ಮಾಲೀಕರ ಭಯ ಒಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಸಂಪರ್ಕ ತಮ್ಮ ಹೆಸರಿನಲ್ಲಿದ್ದು, ಬಾಡಿಗೆದಾರ ಅದರಲ್ಲಿ ಏನಾದರೂ ಅಪರಾಧ ಮಾಡಿದರೆ ಪೊಲೀಸರು ಮೊದಲು ಬರುವುದು ತಮ್ಮ ಬಾಗಿಲಿಗೆ. ಇದಕ್ಕೆ ತಾಂತ್ರಿಕವಾಗಿ ಕಷ್ಟದ ಪರಿಹಾರವೇನೂ ಬೇಕಿಲ್ಲ. ಫೈಬರ್ ಸೇವೆಯಲ್ಲಿ ಎಷ್ಟೋ ಕಡೆ ತಂತಿ ಬೇರೆ, ಲಾಗಿನ್ ಬೇರೆ. ತಂತಿ, ಡಬ್ಬಿ ಮನೆಯ ಹೆಸರಿನಲ್ಲಿರಲಿ. ಲಾಗಿನ್ ಮಾತ್ರ ಬಾಡಿಗೆದಾರರ ಆಧಾರ್ ಪರಿಶೀಲಿಸಿ ಅವರ ಹೆಸರಿಗೇ ಕೊಡಲಿ. ಅವರು ಹೊರಟ ದಿನ ಅದು ಮುಚ್ಚಲಿ. ಬ್ರಿಟನ್‌ನಲ್ಲಿ ಓಪನ್‌ರೀಚ್ ಎಂಬ ಕಂಪನಿ ಎಳೆದ ತಂತಿ ಮನೆಯಲ್ಲೇ ಉಳಿಯುತ್ತದೆ, ಅದರ ಮೇಲೆ ಹಲವು ಕಂಪನಿಗಳು ಸೇವೆ ಮಾರುತ್ತವೆ, ಮನೆಯಲ್ಲಿರುವವರು ತಮಗೆ ಬೇಕಾದ ಕಂಪನಿ ಆರಿಸಿಕೊಳ್ಳುತ್ತಾರೆ.

ನಮ್ಮ ನಿಯಮಗಳೂ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿವೆ. ಕಟ್ಟಡದೊಳಗಿನ ನೆಟ್ ವ್ಯವಸ್ಥೆಯನ್ನು ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 2022ರಲ್ಲಿ ಮಾದರಿ ಕಟ್ಟಡ ನಿಯಮಗಳಿಗೆ ಸೇರಿಸಿತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2024ರ ಅಕ್ಟೋಬರಿನಲ್ಲಿ ಕಟ್ಟಡಗಳಿಗೆ ಅವುಗಳ ಡಿಜಿಟಲ್ ಸಂಪರ್ಕ ನೋಡಿ ರೇಟಿಂಗ್ ಕೊಡುವ ನಿಯಮಾವಳಿ ಹೊರಡಿಸಿತು. ಆದರೆ ಇವೆಲ್ಲ ದೊಡ್ಡ ಅಪಾರ್ಟ್‌ಮೆಂಟು, ಆಸ್ಪತ್ರೆ, ವಿಮಾನ ನಿಲ್ದಾಣಗಳ ಕಡೆ ನೋಡುತ್ತಿವೆ. ಚಿಲಮತ್ತೂರಿನ ಎರಡು ಕೋಣೆಯ ಬಾಡಿಗೆ ಮನೆ ಈ ಲೆಕ್ಕದೊಳಗೆ ಬಂದಿಲ್ಲ, ತಾತ್ಕಾಲಿಕವಾಗಿ ಬಂದವರು ಹೆಚ್ಚಾಗಿ ಸೇರುವುದು ಅಂಥ ಮನೆಗೇ.

ಮೊಬೈಲ್ ಕಂಪನಿಗಳು 28 ದಿನವನ್ನೇ ತಿಂಗಳೆಂದು ಮಾರುತ್ತಿದ್ದಾಗ ಟ್ರಾಯ್ 2022ರಲ್ಲಿ ನಡುವೆ ಬಂದು, 30 ದಿನದ ಪ್ಲ್ಯಾನ್ ಒಂದಾದರೂ ಇರಲೇಬೇಕೆಂದಿತು. ಮಾತು ಮತ್ತು ಸಂದೇಶಕ್ಕಷ್ಟೇ ಪ್ರತ್ಯೇಕ ಪ್ಲ್ಯಾನ್ ಇರಬೇಕೆಂದು 2024ರ ಕೊನೆಯಲ್ಲಿ ಹೇಳಿತು. ಮನೆಯ ಸಂಪರ್ಕಕ್ಕೂ ಇಂಥದೇ ಒಂದು ಆದೇಶ ಬರಲಿ: ಅಳವಡಿಕೆ ಶುಲ್ಕವನ್ನು ಒಂದು ಮನೆಗೆ ಒಮ್ಮೆ ಮಾತ್ರ ತೆಗೆದುಕೊಳ್ಳಬೇಕು, ನಡುವೆ ಬಿಟ್ಟು ಹೋದವರಿಗೆ ಉಳಿದ ತಿಂಗಳ ಹಣ ಮರಳಬೇಕು.

ಅಲ್ಲಿಯವರೆಗೆ ಮನೆ ಹಿಡಿಯುವವರು ವೇಗದ ಜಾಹೀರಾತಿಗೆ ಮರುಳಾಗದೆ, ಬಿಟ್ಟು ಹೋಗುವ ಖರ್ಚನ್ನು ಮೊದಲು ಕೇಳಬೇಕು. ವಿಡಿಯೋ ಸಭೆಗೆ ನಾಲ್ಕು ಎಂಬಿಪಿಎಸ್ ಸಾಕಾಗುವಾಗ, ತಿಂಗಳ ಲೆಕ್ಕದ 30 ಎಂಬಿಪಿಎಸ್ ಸಂಪರ್ಕ ವರ್ಷಕ್ಕೆ ಕಟ್ಟಿಹಾಕುವ 100 ಎಂಬಿಪಿಎಸ್‌ಗಿಂತ ಎಷ್ಟೋ ಮೇಲು. ಬೀದಿಯಲ್ಲಿ ಈಗಾಗಲೇ ಯಾರ ತಂತಿ ಓಡಿದೆ, ಕೆಟ್ಟರೆ ಕೇಬಲ್‌ನವರು ಎಷ್ಟು ಹೊತ್ತಿಗೆ ಬರುತ್ತಾರೆ ಎಂಬುದನ್ನು ಪಕ್ಕದ ಮನೆಯವರಲ್ಲಿ ವಿಚಾರಿಸಬೇಕು. ಕರೆಂಟು ಹೋದರೆ ಫೈಬರ್ ಡಬ್ಬಿಯೂ ಆರುತ್ತದೆ, ಅದಕ್ಕೆಂದೇ ಸಿಗುವ 12 ವೋಲ್ಟ್‌ನ ಪುಟ್ಟ ಯುಪಿಎಸ್ ಒಂದನ್ನು ಕೊಂಡರೆ ಮುಂದಿನ ಊರಿಗೂ ಒಯ್ಯಬಹುದು. ಹಿಂದೆ ಇದ್ದವರ ತಂತಿ ಗೋಡೆಯಲ್ಲಿ ಉಳಿದಿದ್ದರೆ ಅದನ್ನೇ ಮತ್ತೆ ಜೋಡಿಸಿಕೊಡಲು ಕೇಬಲ್‌ನವರನ್ನು ಕೇಳಬೇಕು. ಹೊಸ ತಂತಿ ಎಳೆಸಲೇಬೇಕಾದರೆ ಅದರ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳುವ ಬಗ್ಗೆ ಮನೆಯವರೊಡನೆ ಮಾತಾಡಿ, ಆ 11 ತಿಂಗಳ ಕರಾರಿನಲ್ಲೇ ಒಂದು ಸಾಲು ಬರೆಸಿಕೊಳ್ಳಬೇಕು.