ಮುಸುರೆ ತಿಕ್ಕುವವಳಿಗೆ ಊರೆಲ್ಲಿ?

"ಆ ಶೆಡ್ಡುಗಳು ಹೋಗಿ ಏರಿಯಾ ಚೊಕ್ಕಟವಾಯ್ತು!" ಎಂದು ಪಕ್ಕದ ಮನೆಯಾಕೆ ಹಿಗ್ಗಿದಾಗ ನಾನೂ ತಲೆಯಾಡಿಸಿದ್ದೆ. 2013ರ ಜನವರಿಯಲ್ಲಿ ಬೆಂಗಳೂರಿನ ಈಜಿಪುರದಿಂದ ಸಾವಿರಕ್ಕೂ ಹೆಚ್ಚು ಕುಟುಂಬಗಳನ್ನು ಎಬ್ಬಿಸಿದರು. ಬಡವರಿಗೆಂದೇ ಕಟ್ಟಿಸಿಕೊಟ್ಟ ಕಟ್ಟಡಗಳು ಕುಸಿದ ಮೇಲೆ ತಗಡಿನ ಶೆಡ್ಡು ಸೇರಿದ್ದವರು ಅವರು. ಆ ಜಾಗದ ಅರ್ಧದಲ್ಲಿ ಮಾಲ್ ಬರಬೇಕಿತ್ತು. ಬದಲಿಗೆ ತೋರಿಸಿದ್ದು ಸರ್ಜಾಪುರ ರಸ್ತೆಯ ಕಡೆಯ ಸೂಲಿಕುಂಟೆ.

ಇದನ್ನು ಅಭಿವೃದ್ಧಿ ಎನ್ನಲು ನನಗೆ ನಾಲಿಗೆ ಏಳದು. ನಮ್ಮ ಕೋರಮಂಗಲದ ನಾಲ್ಕು ಮನೆಗಳ ಮುಸುರೆ ತಿಕ್ಕುವವಳು ಆಗ ಅಲ್ಲಿಂದ ಬೆಳಿಗ್ಗೆ ಆರಕ್ಕೆ ಹೇಗೆ ಬರಬೇಕಿತ್ತು? ಬಸ್ಸಿಗೇ ಒಂದು ಮನೆಯ ಸಂಬಳ ಸುರಿದು, ಮಕ್ಕಳನ್ನು ಯಾರ ಕೈಗೆ ಬಿಟ್ಟು?

ನಮ್ಮ ಕೆಲಸದಾಕೆ ಕೇಳಿಯೇಬಿಟ್ಟಳು: "ನಮ್ಮ ಕೆಲ್ಸ ಬೇಕು, ನಾವು ಪಕ್ಕದಲ್ಲಿರೋದು ಬೇಡ, ಅಲ್ವೇನಮ್ಮ?"

ಉತ್ತರ ಹೊಳೆಯಲಿಲ್ಲ. ಮರುವಾರ ಅವಳು ತಡವಾಗಿ ಬಂದಾಗ ರೇಗಿದವಳೂ ನಾನೇ.